ಡಬ್ಬಿಯ ಮೇಲಿನ ಜೇನುಹುಳ

ಕೆಂಪು ಮಾರುತಿಯ ಎಡಮಗ್ಗಲು ಹೊಳೆಯತೊಡಗಿದ್ದೇ ತಡ, ಸೋನಾಬಾಯಿ ಅಂಗಳದ ಬೇವಿನ ಮರದ ಕೆಳಗೆ ಬಂದು ಮೇಣದ ಡಬ್ಬಿಯನ್ನು ಕೈಗೆತ್ತಿಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಮುಚ್ಚಳದ ಮೇಲಿದ್ದುದನ್ನು ತಿಳಿಯಲು ಓದು ಬೇಕಾಗಿಯೂ ಇರಲಿಲ್ಲ. ಹಳದಿ ಪಟ್ಟೆಯ ಜೇನುಹುಳವೊಂದು ರೆಕ್ಕೆ ಬಿಚ್ಚಿ ಕೂತಿತ್ತು.

"ಧರಣೂ, ಇದು ಜೇನಿನ ಮೇಣೇನಪಾ?"

ಧರಣೇಂದ್ರನ ಕೈ ಬಾನೆಟ್ಟಿನ ಮೇಲೆಯೇ ನಿಂತಿತು. ಮೂರು ವರ್ಷ ಹೆಸರು ಬರೆಸಿ ಕಾದು, ಎಂಟು ದಿನದ ಹಿಂದೆ ಮನೆಗೆ ಬಂದ ಕಾರು ಅದು. ಊರಿಗೇ ಮೊದಲನೆಯದು. ಮುಂದಿನ ಸೀಟಿನಲ್ಲಿ ಮೊದಲು ಕೂರುವವಳು ಅವ್ವ, ಹೋಗುವುದು ತವನಿಧಿಯ ದೇವರಿಗೆ ಎಂದು ಅವನು ಎಂದೋ ನಿಶ್ಚಯಿಸಿದ್ದ. ಅವ್ವನ ಹುರುಪು ಅವನಿಗಿಂತ ಒಂದು ಕೈ ಮೇಲೆ. ನಿಂತ ಕಾರಿನ ಬಾಗಿಲನ್ನೇ ದಿನಕ್ಕೆ ನಾಲ್ಕು ಸಲ ತೆಗೆದು ಹಾಕಿ ರೂಢಿ ಮಾಡಿಕೊಂಡಿದ್ದಳು. ಇಂದು ನಸುಕಿನಲ್ಲೇ ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿ, ದರ್ಶನವಾಗುವ ತನಕ ಬಾಯಿಗೆ ತುತ್ತು ಹಾಕುವುದಿಲ್ಲವೆಂದು ಕೂತಿದ್ದಳು. ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವ ಮಾತೇ ಇಲ್ಲ. ಎಲ್ಲ ಅದಕ್ಕೆ ಮುಂಚೆ ಮುಗಿಯಬೇಕಿತ್ತು.

ಈ ಮೇಣದ ಉಸಾಬರಿ ಹಚ್ಚಿದವನು ಮನೆಯ ಜೀಪಿನ ಡ್ರೈವರ್ ಮುರಗೆಪ್ಪ. ಸಕ್ಕರೆ ಕಾರ್ಖಾನೆಯ ಚಿಮಣಿಯಿಂದ ದಿನವೂ ಊರ ಮೇಲೆ ಕರಿಬೂದಿ ಉದುರುತ್ತದೆ, ಮೇಣ ತಿಕ್ಕದಿದ್ದರೆ ದೀಪಾವಳಿಯೊಳಗೆ ಈ ಕೆಂಪು ಇಟ್ಟಂಗಿಯ ಬಣ್ಣಕ್ಕೆ ಬರುತ್ತದೆ ಎಂದು ಅವನು ಹೆದರಿಸಿದ್ದ. ನಿಪ್ಪಾಣಿಯ ಅಂಗಡಿಯವನು ಎರಡು ಡಬ್ಬಿ ಮುಂದಿಟ್ಟಿದ್ದ. ಒಂದರ ಮೇಲೆ ಜೇನುಹುಳ, ಇನ್ನೊಂದರ ಮೇಲೆ ಬೀಸಣಿಗೆಯಂಥ ಎಲೆ. ಎರಡನೆಯದು ಎಲೆಯಿಂದಲೇ ತೆಗೆದ ಮೇಣ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದ್ದ. ಕಬ್ಬಿನ ಎಲೆ, ತಂಬಾಕಿನ ಎಲೆ, ದ್ರಾಕ್ಷಿ ಎಲೆಗಳ ನಡುವೆಯೇ ನಲವತ್ತು ವರ್ಷ ಕಳೆದ ಧರಣೇಂದ್ರ, ಈ ಮನುಷ್ಯ ನನಗೇ ಟೋಪಿ ಹಾಕಲು ನೋಡುತ್ತಿದ್ದಾನೆ ಎಂದುಕೊಂಡು ಜೇನುಹುಳದ ಡಬ್ಬಿಯನ್ನು ಹೆಮ್ಮೆಯಿಂದ ತಂದಿದ್ದ. ಅದೂ ಜೈನರು ಮುಟ್ಟದ ಜೇನಿನದೇ ಎಂಬುದು ತಲೆಗೆ ಹೊಳೆದಿರಲಿಲ್ಲ.

"ತಿನ್ನೂದಲ್ಲವ್ವಾ, ಗಾಡಿಗೆ ಹಚ್ಚೂದು," ಎಂದ ಮೆಲ್ಲಗೆ.

"ಹಚ್ಚೂದ ಖರೆ. ಅದರಾಗ ಕುಂತು ದೇವರ ಕಡೆ ಹೋಗೂದೈತಲ್ಲ? ಅವುಗಳ ಮನಿ ಕೆಡವಿ ನಮ್ಮ ಗಾಡಿ ಮಿಂಚೂದು ಬ್ಯಾಡ. ನಾ ಬಸ್ಸಿಗೆ ಹೋಗ್ತೀನಿ."

ಕೆಮ್ಮಿನ ಔಷಧಿಯನ್ನು ಜೇನುತುಪ್ಪದ ಬದಲು ಬೆಲ್ಲದಲ್ಲೇ ಕಲಸಿಕೊಂಡು ತಿನ್ನುತ್ತ ಬಂದವಳು ಅವಳು. ವಾದ ಮಾಡಿ ಉಪಯೋಗವಿರಲಿಲ್ಲ. ಮೂರು ವರ್ಷ ಕಾದದ್ದು ಅವ್ವನನ್ನು ಬಸ್ಸಿಗೆ ಹತ್ತಿಸಲಿಕ್ಕೇ? ಧರಣೇಂದ್ರ ಅರಿವೆಯನ್ನು ಬಿಸುಟು ಕೀಲಿ ತಂದ. ಮುಂದಿನ ಸೀಟು ಅವ್ವನದೆಂದು ಮುರಗೆಪ್ಪನನ್ನು ಹಿಂದೆ ಕೂರಿಸಿ ನಿಪ್ಪಾಣಿಯ ಹಾದಿ ಹಿಡಿದ. ಒಂದು ಮಗ್ಗಲು ಮದುಮಗನಂತೆ ಮಿಂಚುವ, ಇನ್ನೊಂದು ಮಗ್ಗಲಿಗೆ ಬೂದಿ ಬಡಿದ ಕಾರು. ಮಾಲಕ ಓಡಿಸುವುದು, ಡ್ರೈವರ್ ಹಿಂದೆ ದೇಸಾಯಿಯಂತೆ ಕೂರುವುದು. ದಾರಿಯಲ್ಲಿ ಚಿಕ್ಕೋಡಿಯ ಜನ ನಿಂತು ನೋಡಿ ನಕ್ಕರು. ಮುರಗೆಪ್ಪ ಅವರಿಗೆಲ್ಲ ಕೈಯೆತ್ತಿ ನಮಸ್ಕಾರ ಮಾಡಿದ.

ಎಲೆಯ ಡಬ್ಬಿಯೊಂದಿಗೆ ಮರಳಿದಾಗ ಒಂದೂವರೆ. ಹಚ್ಚಿದ್ದ ಮೇಣವನ್ನು ಸೀಮೆಎಣ್ಣೆಯಿಂದ ಒರೆಸಿ, ಸಾಬೂನಿನ ನೀರಿನಿಂದ ತೊಳೆದು ಒಣಗಿಸಿದರು. ತೀರಿಹೋದ ಅಪ್ಪನ ಹಳೆಯ ಧೋತರದ ತುಂಡಿನಿಂದ ಹೊಸ ಮೇಣವನ್ನು ತೆಳ್ಳಗೆ ಬಳಿದು, ಅದು ಬೆಳ್ಳಗೆ ಮಂಜುಗಟ್ಟುವ ತನಕ ಕಾದು, ತಿಕ್ಕಿದರು. ಧರಣೇಂದ್ರನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಬಾನೆಟ್ಟಿನೊಳಗೆ ಬೇವಿನ ಮರ ಹೂವಿನ ಸಮೇತ ತಲೆಕೆಳಗಾಗಿ ನಿಂತಿತ್ತು. ಎಲೆಯಲ್ಲಿ ಇಷ್ಟೊಂದು ಮೇಣವಿರುತ್ತದೆಯೇ ಎಂದು ಅವನು ಮೂರು ಸಲ ಕೇಳಿದ, ಮೂರು ಸಲವೂ ಚಿಕ್ಕ ಹುಡುಗನಂತೆ ನಕ್ಕ.

ವೈಪರಿನ ಬುಡದಲ್ಲಿ ಮಾತ್ರ ಬೆರಳಗಲದಷ್ಟು ಮೊದಲಿನ ಜೇನಿನ ಮೇಣ ಗಟ್ಟಿಯಾಗಿ ಅಂಟಿಕೊಂಡಿತ್ತು. ಧರಣೇಂದ್ರ ಉಗುರಿನಿಂದ ಕೆರೆದು ನೋಡಿದ.

"ಬಿಡ್ರಿ ಮಾಲಕರ, ಅದನ್ಯಾರ ನೋಡ್ತಾರ? ಹೊತ್ತಾಗಾಕತ್ತೈತಿ," ಎಂದ ಮುರಗೆಪ್ಪ.

ಧರಣೇಂದ್ರ ಸೂರ್ಯನನ್ನು ನೋಡಿದ, ಅವ್ವನ ಬುತ್ತಿಗಂಟನ್ನು ನೋಡಿದ, ಬಿಟ್ಟ.

ನಾಲ್ಕು ಗಂಟೆಗೆ ಸೋನಾಬಾಯಿ ಕಾರನ್ನು ಒಂದು ಸುತ್ತು ಹಾಕಿ, ಎಲೆಯ ಡಬ್ಬಿಯನ್ನು ಮೂಸಿ ನೋಡಿ, ಸೆರಗು ಸರಿಪಡಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಬಾಗಿಲನ್ನು ತಾನೇ ಹಾಕಿಕೊಂಡಳು, ಒಂದೇ ಏಟಿಗೆ. ಧರಣೇಂದ್ರ ಕೀಲಿ ತಿರುಗಿಸುವಷ್ಟರಲ್ಲಿ ಬೇವಿನ ಹೂವಿನಿಂದ ಜೇನುಹುಳವೊಂದು ಹಾರಿ ಬಂದು ಬಾನೆಟ್ಟಿನ ಮೇಲೆ ಇಳಿಯಿತು. ಅತ್ತ ಇತ್ತ ಓಡಾಡಿತು. ನಿಧಾನವಾಗಿ ನಡೆಯುತ್ತ ವೈಪರಿನ ಬುಡಕ್ಕೆ ಬಂದು ಅಲ್ಲೇ ನಿಂತಿತು.

ಹಿಂದಿನ ಸೀಟಿನಲ್ಲಿ ಮುರಗೆಪ್ಪ ಕೆಮ್ಮಿದ.

ಸೋನಾಬಾಯಿ ಮಗನ ಕೈಮೇಲೆ ಕೈಯಿಟ್ಟಳು. ಅವಳ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

"ತಡೀ ಧರಣೂ, ಅವಸರ ಮಾಡಬ್ಯಾಡ. ತನ್ನದೇನೂ ಇಲ್ಲಿಲ್ಲಂತ ಅದು ನೋಡ್ಕೊಂಡ ಹೋಗ್ಲಿ."

ಧರಣೇಂದ್ರ ಕೀಲಿಯನ್ನು ಹೊರಗೆಳೆದು, ಕೆಳಗಿಳಿದು, ಸೀಮೆಎಣ್ಣೆಯ ಅರಿವೆ ಎಲ್ಲಿ ಬಿತ್ತೆಂದು ಹುಡುಕತೊಡಗಿದ.