ತುಂಬಿದ ಗ್ಯಾಲರಿ

ರಾಜ್ಯ ಕ್ರೀಡಾಕೂಟದ ಕೊನೆಯ ದಿನ. ಸಾವಿರಾರು ಜನ ಕೂರುವ ಗ್ಯಾಲರಿಯಲ್ಲಿ ನಾಲ್ಕು ಕಾಗೆ, ಒಬ್ಬ ಕಡಲೆಕಾಯಿ ಮಾರುವವನು. ಮಂತ್ರಿಗಳ ಕಾರು ಹೊರಟಿತೆಂದು ಫೋನು ಬಂದದ್ದೇ ತಡ, ಕ್ರೀಡಾಧಿಕಾರಿ ವೀರಭದ್ರಯ್ಯನವರು ಟ್ರ್ಯಾಕಿನತ್ತ ಓಡಿದರು. ಖಾಲಿ ಗ್ಯಾಲರಿ ಕಣ್ಣಿಗೆ ಬಿದ್ದರೆ ಎತ್ತಂಗಡಿ ಖಂಡಿತ.

"ಜುಲೇಖಾ ಮೇಡಂ, ಎಲ್ಲಿಂದಾದ್ರೂ ಜನ ತನ್ನಿ, ಮಾನ ಉಳಿಸಿ," ಎಂದು ಕೋಚನ್ನು ಗೋಗರೆದರು.

"ಪ್ರಚಾರದ ದುಡ್ಡೆಲ್ಲ ಮಂತ್ರಿಗಳ ಕಟೌಟಿಗೇ ಸುರಿದ್ರಲ್ಲ ಸಾರ್. ಆಟ ಎಲ್ಲಿ, ಎಷ್ಟೊತ್ತಿಗೆ ಅಂತ ಊರಿಗೆ ಯಾರು ಹೇಳಿದ್ರು?"

"ಆಮೇಲೆ ಬೈಯಿರಿ ತಾಯಿ, ಮೊದಲು ಜನ!"

ಮಂತ್ರಿಗಳು ಬರುವ ಹೊತ್ತಿಗೆ ವೇದಿಕೆಯ ಎದುರಿನ ಸಾಲುಗಳೆಲ್ಲ ಭರ್ತಿ. ಹುಡುಗ ಹುಡುಗಿಯರ ಶಿಳ್ಳೆ, ಕೇಕೆ ಮುಗಿಲು ಮುಟ್ಟಿತು.

"ಎಂಥಾ ಅಭಿಮಾನ ಕಣ್ರೀ! ನಿಮ್ಮಂಥ ಅಧಿಕಾರಿ ಈ ಜಿಲ್ಲೆ ಬಿಟ್ಟು ಹೋಗಬಾರದು," ಎಂದು ಮಂತ್ರಿಗಳು ಬೆನ್ನು ತಟ್ಟಿದರು. ವೀರಭದ್ರಯ್ಯನವರಿಗೆ ಹೋದ ಜೀವ ಬಂತು.

"ಸರಿ, ಓಟ ಶುರುವಾಗಲಿ," ಎಂದರು ಮಂತ್ರಿಗಳು.

ಟ್ರ್ಯಾಕಿನಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಓಡೋರೆಲ್ಲಿ ಮೇಡಂ?" ವೀರಭದ್ರಯ್ಯನವರು ಪಿಸುಗುಟ್ಟಿದರು.

ಜುಲೇಖಾ ಗ್ಯಾಲರಿಯತ್ತ ಕೈ ತೋರಿದರು. "ಅಲ್ಲಿ ಚಪ್ಪಾಳೆ ತಟ್ತಿದ್ದಾರೆ ಸಾರ್. ಕೆಳಗಿಳೀರಿ ಅನ್ನಲಾ?"