ಎರಡೂ ಬದಿ ಖಾಲಿ

ಬೀದಿ ಖಾಲಿಯಾಗಿತ್ತು. ಗೇಟಿನ ಚಿಲಕದ ಮೇಲೆ ಕೈಯಿಟ್ಟ ಕರಿಬಸವಯ್ಯ ಹಾಗೆಯೇ ನಿಂತರು.

ಎರಡು ಗಂಟೆಗೆ ಉಂಡು ಮಲಗಿದಾಗ ಎದುರುಮನೆ ಕಾಡಸಿದ್ದಪ್ಪನ ಕೊಬ್ಬರಿ ಟೆಂಪೊ ಎಂದಿನಂತೆ ಇವರ ಗೇಟಿಗೆ ಅಡ್ಡ ನಿಂತಿತ್ತು. ಅದರ ಹಿಂದೆ ಪಕ್ಕದ ಮನೆ ಪುನೀತನ ಕಾರು. ಆಚೆ ಸಾಲಿನಲ್ಲಿ ನಾಲ್ಕು ಬೈಕು. ಈಗ ಮೂರೂವರೆ. ಒಂದು ಸೈಕಲ್ಲೂ ಇಲ್ಲ.

ತಿಪಟೂರಿನ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದವರು ಕರಿಬಸವಯ್ಯ. ಯಾವ ಗಾಡಿ ಎಲ್ಲಿ ನಿಲ್ಲಬೇಕೆಂದು ಸೀಟಿ ಊದಿ ಹೇಳಿದವರು. ನಿವೃತ್ತಿಯಾದ ಮೇಲೆ ಸ್ವಂತ ಬೀದಿಯಲ್ಲಿ ಅವರ ಸೀಟಿಗೆ ಯಾರೂ ಸೊಪ್ಪು ಹಾಕಲಿಲ್ಲ. ಮಗ ಯೋಗೀಶ ತುರುವೇಕೆರೆಯ ಕಾಲೇಜಿಗೆ ಪಾಠ ಹೇಳಲು ಹೋಗಿಬರಲೆಂದು ಕಾರು ಕೊಂಡಿದ್ದ. ಮನೆ ಮುಂದೆ ಜಾಗವಿಲ್ಲದೆ ದಿನಾ ಎಲ್ಲೋ ನಿಲ್ಲಿಸಿ ನಡೆದು ಬರುತ್ತಿದ್ದ. ಒಂದು ದಿನ ಯಾರೋ ಅದರ ಬಾಗಿಲಿನುದ್ದಕ್ಕೂ ಗೀರೆಳೆದರು. ಅಂದೇ ಕರಿಬಸವಯ್ಯ ನಗರಸಭೆಗೆ ಮೊದಲ ಅರ್ಜಿ ಬರೆದರು. ಎಂಟು ತಿಂಗಳು ಬಿಡದೆ ಬರೆದರು. ಅಡ್ಡ ನಿಂತ ಪ್ರತಿ ಗಾಡಿಯ ಫೋಟೊ ತೆಗೆದು ಕಳಿಸಿದರು.

ನಿನ್ನೆ ಬೀದಿಯಲ್ಲಿ ನಗರಸಭೆಯ ಬೋರ್ಡು ನಿಂತಿತು. ಸಮ ತಾರೀಖಿಗೆ ಎಡಗಡೆ ಮಾತ್ರ ಗಾಡಿ ನಿಲ್ಲಿಸಬೇಕು, ಬೆಸ ತಾರೀಖಿಗೆ ಬಲಗಡೆ. ಇನ್ನೊಬ್ಬರ ಗೇಟಿಗೆ ಅಡ್ಡ ನಿಲ್ಲಿಸಿದರೆ ದಂಡ.

ಕಾಡಸಿದ್ದಪ್ಪ ಅದನ್ನು ಓದಿ ಇವರತ್ತ ತಿರುಗಿದ್ದ. "ಗೆದ್ದುಬುಟ್ರಿ ಕಂಟ್ರೋಲರ್ ಸಾಹೇಬ್ರೇ. ನೋಡ್ತಿರಿ, ಈ ಬೀದೀಲಿ ನೀವೊಬ್ರೇ ಆಗೋಯ್ತೀರಾ."

ಇವತ್ತು ಹದಿನೆಂಟು. ಸಮ, ಇವರ ಗೇಟಿರುವ ಎಡಗಡೆಯ ಸರದಿ. ಬೋರ್ಡಿಗೆ ಹೆದರಿದ್ದರೆ ಬಲಗಡೆ ಮಾತ್ರ ಖಾಲಿಯಾಗಬೇಕಿತ್ತು. ಎರಡೂ ಬದಿ ಖಾಲಿ. ಇದರಲ್ಲಿ ಏನೋ ಇದೆ.

ಕಾಡಸಿದ್ದಪ್ಪನ ಶೆಡ್ಡಿನಲ್ಲಿ ಹೆಂಗಸರು ಕರಟ ಒಡೆದು ಕೊಬ್ಬರಿ ಬಿಡಿಸುವ ಟಕಟಕ ಸಂಜೆತನಕ ನಿಲ್ಲುವಂಥದ್ದಲ್ಲ. ಅದೂ ನಿಂತಿತ್ತು. ಪುನೀತನ ಜಗಲಿಯ ಮೇಲೆ ಒಂದರೊಳಗೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಇಪ್ಪತ್ತಾದರೂ ಇದ್ದವು. ಬೆಳಿಗ್ಗೆ ಇರಲಿಲ್ಲ. ಓಹೋ, ಸಭೆ! ತಮ್ಮ ವಿರುದ್ಧವೇ ಇರಬೇಕು.

ಬೀದಿಯ ಮೂಲೆಯಲ್ಲಿ ಐದಾರು ಗಂಡಸರು ಗುಂಪಾಗಿ ನಿಂತಿದ್ದರು. ಇವರನ್ನು ಕಂಡು ಮಾತು ನಿಲ್ಲಿಸಿದರು. ಪುನೀತ್ ಬೇಗಬೇಗ ಬಂದ.

"ಅಂಕಲ್, ಫೋನ್ ಒಂಚೂರು ಕೊಡ್ತೀರಾ? ನಂದ್ರಲ್ಲಿ ಚಾರ್ಜಿಲ್ಲ."

ಕೊಟ್ಟ ಮೇಲೆ ಕಂಡಿತು, ಅವನ ಜೇಬಿನಲ್ಲಿ ಅವನ ಫೋನು ಬೆಳಗುತ್ತಿತ್ತು. ಅವನು ಯಾರಿಗೂ ಕರೆ ಮಾಡಲಿಲ್ಲ. ಇವರ ಫೋನನ್ನು ಆಫ್ ಮಾಡಿ ಪ್ಯಾಂಟಿನ ಜೇಬಿಗಿಳಿಸಿ ಮೂಲೆಗೆ ನಡೆದ.

ಫೋಟೊಗಳು! ಎಂಟು ತಿಂಗಳ ಸಾಕ್ಷಿ!

"ಲೇ ಪುನೀತ, ಕೊಡ್ಲಾ ಇಲ್ಲಿ!"

"ಕೊಡ್ತೀನಿ ಇರಿ ಅಂಕಲ್." ತಿರುಗಿ ನೋಡಲಿಲ್ಲ.

ಗುಂಪಿನಿಂದ ಕಾಡಸಿದ್ದಪ್ಪ ಬಂದ. "ಅಣ್ಣಾ," ಎಂದ. ಎಂಟು ತಿಂಗಳಿಂದ ಅವನ ಬಾಯಲ್ಲಿ ಬಾರದಿದ್ದ ಮಾತು. "ಹೊನ್ನವಳ್ಳಿ ಹತ್ರ ನಿಮ್ ತೋಟ ಐತಲ್ಲ, ನಿಮ್ಮಪ್ಪಾರ್ ಸಮಾಧಿ ಇರೋದು, ಅದ್ರೊಳಕ್ಕೆ ಜೆಸಿಬಿ ಹೋಗೋವಷ್ಟು ದಾರಿ ಐತಾ?"

ಕರಿಬಸವಯ್ಯ ಒಂದು ಹೆಜ್ಜೆ ಮುಂದೆ ಬಂದರು. "ಯಾಕೆ? ಬೇಲಿ ಕೀಳ್ಸೋಕಾ? ಒತ್ತುವರಿ ಅಂತ ಅರ್ಜಿ ಹಾಕ್ತೀಯಾ? ಹಾಕು. ನಾನೂ ಒಂದ್ ಕೈ ನೋಡ್ತೀನಿ."

ಕಾಡಸಿದ್ದಪ್ಪ ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು.

"ಒಳಗೋಗಿ ಕೂತ್ಕಳಿ ಅಣ್ಣಾ. ಬಿಪಿ ಮಾತ್ರೆ ತಗಂಡ್ರಾ?"

"ನನ್ ಬಿಪಿ ಕಟ್ಕಂಡು ನಿಂಗೇನ್ಲಾ?"

ಒಳಗೆ ಹೋದರೆ ಅಡುಗೆಮನೆಯಲ್ಲಿ ಕಾಡಸಿದ್ದಪ್ಪನ ಹೆಂಡತಿ ಲಕ್ಷ್ಮಕ್ಕ. ಹಿತ್ತಲ ಬಾಗಿಲಿನಿಂದ ಬಂದು ಇವರ ಹೆಂಡತಿ ಗಿರಿಜಾಂಬಿಕಾಗೆ ಒತ್ತಿಕೊಂಡೇ ಕೂತಿದ್ದಳು. ಮುಂದೆ ಎರಡು ತಟ್ಟೆ ಉಪ್ಪಿಟ್ಟು.

"ಬಿಸಿ ಐತೆ. ಇಬ್ರೂ ಈಗ್ಲೇ ಎರಡ್ ತುತ್ತು ತಿಂದ್ಬುಡಿ ಅಣ್ಣಾ. ಆಮೇಲೆ ಆಗಕಿಲ್ಲ."

ಆಮೇಲೆ ಯಾಕೆ ಆಗುವುದಿಲ್ಲ? ಕರಿಬಸವಯ್ಯ ತಟ್ಟೆ ಮೂಸಿ ದೂರ ಸರಿಸಿದರು. ಹೆಂಡತಿಗೂ ಬೇಡವೆಂದು ಕಣ್ಸನ್ನೆ ಮಾಡಿದರು.

"ಅವ್ರಾಗಿ ಮಾತಾಡ್ಸೋಕೆ ಬಂದವ್ರೆ, ಮಕ ಯಾಕ್ ಹಂಗ್ ಮಾಡ್ತೀರಾ?" ಎಂದರು ಗಿರಿಜಾಂಬಿಕಾ. ಲಕ್ಷ್ಮಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಒಲೆ ಉರಿಯುತ್ತಿರಲಿಲ್ಲ, ಹೊಗೆಯೇನೂ ಇರಲಿಲ್ಲ.

ಯೋಗೀಶ ಬರುವುದು ಐದೂವರೆಗೆ. ಇವತ್ತು ಮೊದಲ ಸಲ ಅವನ ಕಾರು ಸ್ವಂತ ಗೇಟಿನ ಮುಂದೆ ನಿಲ್ಲಬೇಕು. ಅಲ್ಲಿವರೆಗೆ ಜಾಗ ಬಿಟ್ಟುಕೊಡಬಾರದು. ಗೂಡಿನಲ್ಲಿದ್ದ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಕುರ್ಚಿ ಎಳೆದು ತಂದು ಗೇಟಿನ ಮುಂದೆ ರಸ್ತೆಯಲ್ಲೇ ಕೂತರು. ಯಾರೂ ನಗಲಿಲ್ಲ. ಯಾರೂ ಏಳಿ ಎನ್ನಲಿಲ್ಲ. ಮೂಲೆಯ ಗುಂಪು ಮಾತ್ರ ದೊಡ್ಡದಾಗುತ್ತಿತ್ತು.

ಐದಕ್ಕೆ ಗುಂಪು ಎರಡಾಗಿ ಸರಿಯಿತು. ಬಿಳಿಯ ವ್ಯಾನೊಂದು ಮೂಲೆಯಲ್ಲಿ ತಿರುಗಿ, ಹಿಮ್ಮುಖವಾಗಿ ಬೀದಿಯೊಳಕ್ಕೆ ಬಂತು. ಹಾರ್ನಿಲ್ಲ. ಪುನೀತ್ ಕೈ ಆಡಿಸುತ್ತಾ ಅದಕ್ಕೆ ದಾರಿ ತೋರಿಸುತ್ತಿದ್ದ. ನೇರ ಇವರ ಗೇಟಿಗೆ.

ಇದೋ ಇವರ ಹೂಟ! ತಮ್ಮ ಗಾಡಿ ತೆಗೆದು ಹೊರಗಿನ ಗಾಡಿ ತಂದು ನಿಲ್ಲಿಸುವುದು!

ಕರಿಬಸವಯ್ಯ ಎದ್ದು ಸೀಟಿ ಊದಿದರು. ಎರಡೂ ಕೈ ಅಗಲಿಸಿ ವ್ಯಾನಿಗೆ ಅಡ್ಡ ನಿಂತರು.

"ನಿಲ್ಸೋ! ಇಲ್ಲಿ ಯಾವ ಗಾಡೀನೂ ನಿಲ್ಲಂಗಿಲ್ಲ. ಇದು ನನ್ ಮಗ ಬರೋ ಜಾಗ!"

ವ್ಯಾನು ನಿಂತಿತು. ಕಾಡಸಿದ್ದಪ್ಪ ಬಂದು, ಅಗಲಿಸಿದ್ದ ಅವರ ಕೈಗಳನ್ನು ಒಂದೊಂದಾಗಿ ಕೆಳಗಿಳಿಸಿದ.

"ಅವ್ನೇ ಕಣಣ್ಣಾ ಬಂದಿರೋದು."