ಸಂಕಟಕ್ಕಿಂತ ಮೊದಲೋ, ಆಮೇಲೋ

ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಈಗಲೂ ಪೋತ್ನಾಳದ ಆ ಮಧ್ಯಾಹ್ನ ಎದುರು ಬಂದು ನಿಲ್ಲುತ್ತದೆ.

ಅವ್ವ ಹೊಟ್ಟೆ ಹಿಡಿದುಕೊಂಡು ಹೊರಸಿನ ಮೇಲೆ ನರಳುತ್ತಿದ್ದಳು. ರಾಯಚೂರಿನ ದವಾಖಾನೆಗೆ ಹೊರಡಲೆಂದು ನಾನೇ ಅವಳ ಕಾಲಿಗೆ ಚಪ್ಪಲಿ ತೊಡಿಸಿದ್ದೆ. ಅವಳಿಗಾಗಿ ಪ್ರಾರ್ಥಿಸಲು ಬಂದ ಸೋದರಮಾವ ಲೋಕದ ಕಡೇಗಾಲದ ಬಗ್ಗೆ ಅಪ್ಪನ ಜೊತೆ ವಾದಕ್ಕೆ ಬಿದ್ದಿದ್ದ.

“ಮಹಾ ಸಂಕಟ ಬರೋಕಿಂತ ಮೊದಲ ಯೇಸಪ್ಪ ನಮ್ಮನ್ನ ಮ್ಯಾಲೆ ಕರ್ಕೊಂಡು ಹೋಗ್ತಾನ,” ಎಂದ ಅಪ್ಪ.

“ಇಲ್ರಿ, ಸಂಕಟ ಅನುಭವಿಸಿದ ಮ್ಯಾಲೇನ,” ಎಂದು ಮಾವ ಬೈಬಲ್ಲಿನ ಹಾಳೆ ತಿರುವಿದ.

ಕಚ್ಚಿಹಿಡಿದಿದ್ದ ಸೆರಗು ಬಿಟ್ಟು ಅವ್ವ ಕೇಳಿದಳು: “ಸಂಕಟ ಇನ್ನ ಬರಬೇಕೇನ್ರಿ? ಹಂಗಾರ ನನಗ ಆಗಾಕತ್ತಿದ್ದೇನು?”

ಅಪ್ಪ ಪ್ರಾರ್ಥನೆಯ ಕೊಬ್ಬರಿ ಎಣ್ಣೆಯನ್ನು ಅವಳ ಹಣೆಗೆ ಮತ್ತೊಮ್ಮೆ ಹಚ್ಚಿದ. ಹೊರಗೆ ರಾಯಚೂರು ಬಸ್ಸು ಹಾರ್ನ್ ಹೊಡೆದು ಹೋಯಿತು.

ಸಂಜೆ, ತಣ್ಣಗಾದ ಆ ಕಾಲುಗಳಿಂದ ಚಪ್ಪಲಿ ಬಿಚ್ಚಿದವಳೂ ನಾನೇ.